ಆಕ್ಸಿಜನ್ ಸೆನ್ಸರ್: ಬದಲಿಸುವ ಮುನ್ನ ಪರೀಕ್ಷೆ ನಡೆಯಲಿ

ಮಾನ್ಯ ಸಂಪಾದಕರೇ,

ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ದೀಪ ಹೊತ್ತಿಕೊಂಡು, ಸ್ಕ್ಯಾನರಿನಲ್ಲಿ ಪಿ 0133 ಎಂಬ ಕೋಡ್ ಕಾಣಿಸಿದರೆ ಸಾಕು, ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು’ ಎಂಬ ತೀರ್ಪು ಅನೇಕ ಗ್ಯಾರೇಜುಗಳಲ್ಲಿ ಕೂಡಲೇ ಹೊರಬೀಳುತ್ತದೆ. ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲಿದ್ದು, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಈ ಸೆನ್ಸರಿನ ಸಂಕೇತ ನಿಧಾನವಾಗಿದೆ ಎಂದಷ್ಟೇ ಆ ಕೋಡ್ ತಿಳಿಸುತ್ತದೆ. ತಪ್ಪು ಸೆನ್ಸರಿನದೇ ಎಂದು ಅದು ಹೇಳುವುದಿಲ್ಲ. ಆಟೊಮೊಬೈಲ್ ವಿಷಯ ಬೋಧಿಸಿದವನಾಗಿ ಈ ಬಗ್ಗೆ ಬರೆಯುವುದು ಅಗತ್ಯವೆನಿಸಿದೆ.

ಜಿರ್ಕೋನಿಯಾ ಎಂಬ ಸೆರಾಮಿಕ್ ಬಳಸುವ ಸಾಮಾನ್ಯ ಸೆನ್ಸರ್, ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಸುಮಾರು 0.9 ವೋಲ್ಟ್, ಹೆಚ್ಚಾದಾಗ ಸುಮಾರು 0.1 ವೋಲ್ಟ್ ಕೊಡುತ್ತದೆ. ಈ ಏರಿಳಿತವನ್ನು ನೋಡಿಕೊಂಡೇ ಎಂಜಿನ್ನಿನ ಕಂಪ್ಯೂಟರ್ ಇಂಧನವನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುತ್ತದೆ. ಸುದ್ದಿ ತಡವಾಗಿ ಬಂದರೆ ತಿದ್ದುಪಡಿಯೂ ತಡವಾಗುತ್ತದೆ. ಮೈಲೇಜ್ ಇಳಿಯಬಹುದು, ಕನ್ವರ್ಟರಿನ ಕೆಲಸವೂ ಕೆಡುತ್ತದೆ.

ಮೊದಲು ನೋಡಬೇಕಾದದ್ದು ಸೆನ್ಸರನ್ನಲ್ಲ, ಎಂಜಿನ್ನಿಗೂ ಅದಕ್ಕೂ ನಡುವಿನ ಹೊಗೆಕೊಳವೆಯ ಜೋಡಣೆಗಳನ್ನು. ಎಂಜಿನ್ನಿಗೆ ಹೊಗೆಕೊಳವೆ ಸೇರುವಲ್ಲಿನ ಸೀಲ್, ಅಂದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುಟ್ಟು ಸಣ್ಣ ಸಂದು ಬಿಟ್ಟಿದ್ದರೆ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಒತ್ತಡ ಇಳಿಯುವ ಕ್ಷಣಗಳಲ್ಲಿ ಹೊರಗಿನ ಗಾಳಿಯೂ ಒಳಗೆ ಎಳೆಯಲ್ಪಟ್ಟು, ಸರಿಯಾಗಿರುವ ಸೆನ್ಸರಿಗೂ ಸುಳ್ಳು ಚಿತ್ರ ಸಿಗುತ್ತದೆ. ಕೊಳವೆ ಸೇರುವ ಫ್ಲ್ಯಾಂಜಿನ ಅಂಚಿನಲ್ಲಿ ಗೆರೆಯಂತೆ ಹಿಡಿದ ಕಪ್ಪು ಮಸಿ, ತಣ್ಣಗಿದ್ದ ಎಂಜಿನ್ ಚಾಲೂ ಆದೊಡನೆ ಕೇಳಿ ಬಿಸಿಯಾದಂತೆ ಕ್ಷೀಣಿಸುವ ಟಿಕ್‌ಟಿಕ್ ಸದ್ದು, ಇವೆರಡೂ ಅದರ ಗುರುತು. ಸೆನ್ಸರ್ ಚೆನ್ನಾಗಿ ಕೆಲಸ ಮಾಡಲು ಅದು 300 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಬಿಸಿಯಾಗಬೇಕಾದ್ದರಿಂದ, ಅದನ್ನು ಬಿಸಿ ಮಾಡುವ ಹೀಟರಿನ ಫ್ಯೂಸ್, ವೈರು, ಕನೆಕ್ಟರುಗಳನ್ನೂ ಪರೀಕ್ಷಿಸಬೇಕು.

ಇವೆಲ್ಲ ಸರಿಯಿದ್ದರೆ ಮಾತ್ರ ಸೆನ್ಸರಿನ ಸರದಿ. ಬಿಸಿಯಾದ ಎಂಜಿನ್ನನ್ನು 2500 ಆರ್‌ಪಿಎಂ ಆಸುಪಾಸಿನಲ್ಲಿಟ್ಟು, ಸಿಗ್ನಲ್ ವೈರಿಗೆ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಜೋಡಿಸಿ, ಇಂಧನವನ್ನು ಥಟ್ಟನೆ ಹೆಚ್ಚಿಸಿ ತಗ್ಗಿಸಿದಾಗ, ಒಳ್ಳೆಯ ಸೆನ್ಸರಿನ ವೋಲ್ಟೇಜ್ ಸುಮಾರು 100 ಮಿಲಿಸೆಕೆಂಡಿನೊಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ; ಸೊರಗಿದ ಸೆನ್ಸರಿನ ಗೆರೆ ಓರೆಯಾಗಿ ಏರುತ್ತದೆ. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ಸೆಕೆಂಡಿಗೆ ಕೆಲವೇ ಬಾರಿ ಅಂಕಿ ತೋರಿಸುವುದರಿಂದ ಇಷ್ಟು ಸಣ್ಣ ಅವಧಿಯನ್ನು ಅಳೆಯಲು ಅವನ್ನು ನಂಬುವಂತಿಲ್ಲ. (ಇತ್ತೀಚಿನ ಹಲವು ಕಾರುಗಳಲ್ಲಿರುವ ವೈಡ್‌ಬ್ಯಾಂಡ್ ಎಂಬ ಬೇರೆ ಬಗೆಯ ಸೆನ್ಸರಿಗೆ ಈ ವೋಲ್ಟೇಜ್ ಲೆಕ್ಕ ಅನ್ವಯಿಸದು.)

ಸೆನ್ಸರೇ ಕೆಟ್ಟಿದೆ ಎಂದು ಖಚಿತವಾದರೂ, ಬಿಚ್ಚಿದ ಹಳೆಯದನ್ನು ಗುಜರಿಗೆಸೆಯುವ ಮೊದಲು ಅದರ ತುದಿಯನ್ನೊಮ್ಮೆ ನೋಡಬೇಕು. ಬಿಳಿಯ ಪುಡಿ ಕಟ್ಟಿದ್ದರೆ ಸಿಲಿಕೋನ್ ಸೀಲಂಟನ್ನೋ ಕೂಲಂಟ್ ಸೋರಿಕೆಯನ್ನೋ ಶಂಕಿಸಬೇಕು. ಒಣ ಮಸಿಯಿದ್ದರೆ ಇಂಧನ ಅತಿಯಾಗಿದೆ. ಮೂಲ ಸರಿಪಡಿಸದೆ ಹಾಕಿದ ಹೊಸ ಸೆನ್ಸರಿಗೂ ಅದೇ ಗತಿ.

ಎಮಿಷನ್ ಟೆಸ್ಟಿನಲ್ಲಿ ಪಾಸಾಗಿದೆ ಎಂಬುದು ಇಲ್ಲಿ ಸಮಾಧಾನವಲ್ಲ. ಬಿಎಸ್-4 ಮಾಲಿನ್ಯ ಮಾನದಂಡದ ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಹೈ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ವೇಗ ಹೆಚ್ಚಿಸಿದಾಗ, ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತದ ಅಳತೆ; 1 ಎಂದರೆ ಸರಿಯಾದ ಪ್ರಮಾಣ) 0.97ರಿಂದ 1.03ರೊಳಗಿರಬೇಕೆಂಬ ನಿಯಮವಿದೆ, ಆದರೆ ನಿಂತ ಗಾಡಿಯ ಆ ಅಳತೆಯಲ್ಲಿ ಸೆನ್ಸರಿನ ಆಲಸ್ಯ ಸರಾಸರಿಯೊಳಗೆ ಮರೆಯಾಗಿಬಿಡಬಹುದು.

ಸೆನ್ಸರ್ ಬದಲಿಸಿದ ಬಿಲ್ಲಿನೊಂದಿಗೆ ಪರೀಕ್ಷೆಯಲ್ಲಿ ಕಂಡ ವೋಲ್ಟೇಜ್ ಗೆರೆಯ (ವೇವ್‌ಫಾರ್ಮ್) ಚಿತ್ರವನ್ನೂ ಹಳೆಯ ಸೆನ್ಸರನ್ನೂ ಮಾಲೀಕರಿಗೆ ಕೊಡುವ ಪದ್ಧತಿಯನ್ನು ಗ್ಯಾರೇಜುಗಳು ರೂಢಿಸಿಕೊಳ್ಳಬೇಕು. ಸಣ್ಣ ಗ್ಯಾರೇಜುಗಳಿಗೆ ಸ್ಕೋಪ್ ಕೊಳ್ಳುವುದು ಹೊರೆಯೆಂಬುದು ನಿಜ. ಆದ್ದರಿಂದ ಕೌಶಲಾಭಿವೃದ್ಧಿ ಇಲಾಖೆಯು ಸರ್ಕಾರಿ ಐಟಿಐಗಳಲ್ಲಿ ಮೆಕ್ಯಾನಿಕ್‌ಗಳಿಗಾಗಿ ಸಂಜೆಯ ಅಲ್ಪಾವಧಿ ತರಬೇತಿ ನಡೆಸಿ, ಅಲ್ಲಿನ ಉಪಕರಣಗಳನ್ನು ಬಳಸಲು ಅವರಿಗೆ ಅವಕಾಶ ಕೊಡಲಿ ಎಂದು ಕೋರುತ್ತೇನೆ.

ಇಂತಿ,
ನಿವೃತ್ತ ಐಟಿಐ ಬೋಧಕ, ಹಾಸನ