ವೀಣೆ ಮಾಡೋಕೆ ಫ್ಯಾಕ್ಟರಿ ಬೇಡ, ಗಟ್ಟಿ ಬೆಂಚು ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ವೀಣೆ ಮಾಡೋರು ಕಮ್ಮಿ ಆಗ್ತಿದಾರೆ ಅಂತ ಬಂದ ಲೇಖನ ಓದಿದೆ. ಬರೆದಿದ್ದು ಚೆನ್ನಾಗಿದೆ, ಆದ್ರೆ ಈಗಿನ ಹುಡುಗ್ರು ಈ ಕಸುಬಿಗೆ ಬರ್ಬೇಕಂದ್ರೆ ಲಕ್ಷಾಂತರ ರೂಪಾಯಿ ಮೆಷಿನ್ನು, ದೊಡ್ಡ ಶೆಡ್ಡು ಬೇಕು, ಸರ್ಕಾರ ಕ್ಲಸ್ಟರ್ (ಕಸುಬುದಾರರು ಒಂದೇ ಕಡೆ ಕೆಲಸ ಮಾಡೋ ಜಾಗ) ಮಾಡ್ಕೊಡ್ಬೇಕು ಅನ್ನೋ ಥರ ಮುಗಿಸಿದೀರಲ್ಲ, ಅಲ್ಲೇ ನನ್ನ ತಕರಾರು. ನಾನು ಐಟಿಐನಲ್ಲಿ ಬಡಗಿ ಕೆಲಸ ಹೇಳ್ಕೊಡ್ತಿದ್ದವನು, ರಿಟೈರ್ ಆದ್ಮೇಲೆ ಹಿತ್ತಲ ರೂಮಲ್ಲಿ ವೀಣೆ, ತಂಬೂರಿ, ಆಗಾಗ ಗಿಟಾರು ರಿಪೇರಿ ಮಾಡ್ಕೊಂಡಿದೀನಿ. ಹತ್ತಡಿ ಹನ್ನೆರಡಡಿ ರೂಮು ಧಾರಾಳ ಸಾಕು ಸ್ವಾಮಿ.

ಮೊದಲು ದುಡ್ಡು ಹಾಕ್ಬೇಕಾಗಿರೋದು ಬೆಂಚಿಗೆ. ಮಾರ್ಕೆಟ್‌ನಲ್ಲಿ ಸಿಗೋ ಕಬ್ಬಿಣದ ಕಾಲಿನ ಪ್ಲೈವುಡ್ ಟೇಬಲ್ ತಗೊಂಡ್ರೆ ಉಜ್ಜುಗೊರಡು (ಮರ ನುಣುಪು ಮಾಡೋ ಹತಾರ) ಹೊಡೆದಾಗೆಲ್ಲ ಟೇಬಲ್ಲೇ ಮುಂದೆ ಹೋಗುತ್ತೆ, ನಮ್ಮ ಶಕ್ತಿ ಅರ್ಧ ಅದನ್ನ ಹಿಡಿಯೋದ್ರಲ್ಲೇ ಕಳೀತು. ಹಳೇ ಮನೆ ಕೆಡವೋ ಕಡೆ ಮತ್ತಿ, ಹೊನ್ನೆ, ತೇಗದ ತೊಲೆ ಬಾಗಿಲುವಾಡ ಸಿಗುತ್ತೆ, ಎಷ್ಟೋ ವರ್ಷ ಒಣಗಿ ಆಡೋದೆಲ್ಲ ಆಡಿ ಮುಗಿಸಿರೋ ಮರ, ಅದನ್ನ ಜೋಡ್ಸಿ ಎರಡೂವರೆ ಮೂರು ಇಂಚು ದಪ್ಪದ ಹಲಗೆ ಮಾಡ್ಕೊಂಡ್ರೆ ಜನ್ಮಕ್ಕಾಯ್ತು. ಉದ್ದ ಆರಡಿ ಇರ್ಲಿ, ಯಾಕಂದ್ರೆ ವೀಣೆನೇ ನಾಲ್ಕಡಿ ಮೇಲಿರುತ್ತೆ, ಜೊತೆಗೆ ಉಳಿ ಇಡೋಕೆ ಜಾಗ ಬೇಡ್ವಾ? ಎತ್ತರಕ್ಕೆ ಪುಸ್ತಕದ ಲೆಕ್ಕ ಬೇಡ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಅಂಗೈ ಎಲ್ಲಿ ಬರುತ್ತೋ ಅದು ಉಜ್ಜೋ ಕೆಲಸಕ್ಕೆ ಸರಿ. ಗಿಟಾರಿಗೆ ಫ್ರೆಟ್ (ಬೆರಳು ಒತ್ತೋ ಕಡೆ ಇರೋ ಅಡ್ಡ ಪಟ್ಟಿ) ಕೂರ್ಸೋದು, ಬ್ರೇಸ್ (ಒಳಗಿನ ಆಸರೆ ಪಟ್ಟಿ) ಕೆತ್ತೋದು ಥರದ ಸಣ್ಣ ಕೆಲಸಕ್ಕೆ ಬೇರೆ ಎತ್ತರ ಬೇಕು, ಅದಕ್ಕೆ ಬೆಂಚಿನ ಮೇಲೇ ಇನ್ನೊಂದು ಪುಟ್ಟ ಬೆಂಚು ಕ್ಲ್ಯಾಂಪ್ ಮಾಡ್ಕೊಂಡ್ರೆ ಕತ್ತು ನೋವು ಬರಲ್ಲ.

ವೈಸ್, ಅಂದ್ರೆ ಮರಾನ ಕಚ್ಚಿ ಹಿಡಿಯೋ ಸಾಧನ, ಅದರ ಬಗ್ಗೆ ಕೇಳೋರು ಜಾಸ್ತಿ. ಬಡಗಿ ವೈಸು ಒಂದಿದ್ರೆ ಸಾಕು, ಬಾಯಿಗೆ ಚರ್ಮ ಅಂಟಿಸ್ಬೇಕು, ಇಲ್ದಿದ್ರೆ ದಂಡಿ (ವೀಣೆಯ ಉದ್ದನೆ ಕತ್ತಿನ ಭಾಗ) ಮೇಲೆ ಗುರುತು ಬೀಳುತ್ತೆ. ಆದ್ರೆ ನಾದ ತುಂಬೋ ಬುಡದ ಭಾಗ, ಅಂದ್ರೆ ವೀಣೆ ಕೊಡ, ಯಾವ ವೈಸಿಗೂ ಹಿಡಿಯಲ್ಲ, ಗುಂಡಗಿರೋ ವಸ್ತು ಅದು. ಹಳಬರು ನೆಲದ ಮೇಲೆ ಕೂತು ಎರಡು ಪಾದದ ಮಧ್ಯೆ ಅದುಮಿ ಹಿಡ್ಕೊಂಡು ಬಾಚಿಲಿ ಕೆತ್ತೋರು. ನನಗೆ ಮಂಡಿ ಬಗ್ಗಲ್ಲ, ಹಾಗಾಗಿ ಹಗ್ಗ, ಹಳೇ ಸೀರೆ ಸುತ್ತಿ ದೊಡ್ಡದೊಂದು ಸಿಂಬಿ ಮಾಡಿ ಬೆಂಚಿನ ಮೇಲಿಟ್ಟು ಕೊಡಾನ ಅದರೊಳಗೆ ಕೂರಿಸ್ತೀನಿ. ಈ ಸಿಂಬಿ ಯಾವ ಟೂಲ್ ಅಂಗಡಿಲೂ ಸಿಗಲ್ಲ, ಸಿಗ್ಬೇಕಾಗೂ ಇಲ್ಲ.

ಇನ್ನು ಮರ. ನಿಜವಾದ ಖರ್ಚು, ನಿಜವಾದ ಕಷ್ಟ ಎರಡೂ ಇಲ್ಲೇ ಇರೋದು, ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ವೀಣೆಗೆ ಹಲಸೇ ಆಗ್ಬೇಕು, ಹಗುರ, ನಾದ ಚೆನ್ನಾಗಿ ಬರುತ್ತೆ. ಒಂದೇ ಮರದಲ್ಲಿ ಪೂರ್ತಿ ತೋಡಿದ್ರೆ ಏಕಾಂಡ ವೀಣೆ, ಕೊಡ ದಂಡಿ ಬೇರೆ ಬೇರೆ ಮಾಡಿ ಸೇರಿಸಿದ್ರೆ ಒಟ್ಟು ವೀಣೆ. ಯಾವುದೇ ಆಗ್ಲಿ, ಮರ ಒಣಗದೇ ಕೊನೇ ರೂಪ ಕೊಡೋ ಹಾಗಿಲ್ಲ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಬಡಗಿಗಳ ಹಳೇ ಲೆಕ್ಕ, ಈಗ್ಲೂ ಅದೇನೂ ಸುಳ್ಳಾಗಿಲ್ಲ. ದಿಮ್ಮಿನ ಹಸಿ ಇದ್ದಾಗ್ಲೇ ಒರಟಾಗಿ ತೋಡಿಟ್ರೆ ಬೇಗ ಒಣಗುತ್ತೆ, ಸೀಳು ಬಿಡೋದೂ ಕಮ್ಮಿ. ತುದಿಗೆ ಮೇಣಾನೋ ಪೇಂಟೋ ಹಚ್ಚಿ, ಹಲಗೆ ಮಧ್ಯೆ ಸಣ್ಣ ರೀಪರ್ ಕೊಟ್ಟು, ನೆಲದಿಂದ ಎತ್ತರದಲ್ಲಿ ಜೋಡಿಸ್ಬೇಕು. ಮಾರ್ಚಲ್ಲಿ ಅಂಟಿಸಿದ ಜೋಡಣೆ ಜುಲೈ ಮಳೇಲಿ ಉಬ್ಬುತ್ತೆ, ಮಳೇಲಿ ಅಂಟಿಸಿದ್ದು ಬೇಸಿಗೇಲಿ ಬಾಯಿ ಬಿಡುತ್ತೆ, ಅದಕ್ಕೇ ಗೋಡೆಗೆ ಗಾಳಿಯ ತೇವಾಂಶ ತೋರಿಸೋ ಪುಟ್ಟ ಮೀಟರ್ ಒಂದನ್ನ ನೇತು ಹಾಕಿ. ಗಿಟಾರ್ ಮಾಡೋರು ನೂರಕ್ಕೆ 45ರಿಂದ 50 ಇದ್ದಾಗ ಮಾತ್ರ ಅಂಟು ಹಾಕ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಅದು ಎಲ್ಲಿ ಬರ್ಬೇಕು, ಆ ತಿಂಗಳಲ್ಲಿ ನಾನು ಕೆತ್ತೋ ಕೆಲಸ ಮಾತ್ರ ಇಟ್ಕೊಳ್ತೀನಿ.

ಬೀಟೆ ಧೂಳು ಕೆಲವರಿಗೆ ಚರ್ಮದ ಅಲರ್ಜಿ ತರುತ್ತೆ, ಯಾವ ಮರದ ಧೂಳಾದ್ರೂ ಶ್ವಾಸಕ್ಕೆ ಒಳ್ಳೇದಲ್ಲ. ಎಕ್ಸಾಸ್ಟ್ ಫ್ಯಾನು, ಮಾಸ್ಕು ಖಂಡಿತ ಬೇಕು. ಲೈಟು ನೆತ್ತಿ ಮೇಲಲ್ಲ, ಪಕ್ಕದಿಂದ ಬೀಳ್ಬೇಕು, ಆಗ್ಲೇ ಏರುತಗ್ಗು ಕಣ್ಣಿಗೆ ಕಾಣೋದು. ದಿಮ್ಮಿ ಸೀಳೋಕೆ ಮೆಷಿನ್ ಯಾಕೆ, ಸಾಮಿಲ್‌ನಲ್ಲಿ ಸೀಳ್ಸಿಕೊಂಡು ಬಂದ್ರೆ ಆಯ್ತು. ಉಳಿದದ್ದು ಬಾಚಿ, ಬಾಯಿ ದುಂಡಗಿರೋ ಉಳಿ ಒಂದೆರಡು, ಅರ, ಬಿರಡೆ ತೂತನ್ನ ಇಳಿಜಾರಾಗಿ ಕೊರೆಯೋ ರೀಮರ್, ಒಳ್ಳೇ ಸಾಣೆಕಲ್ಲು. ಕ್ಲ್ಯಾಂಪ್ ಎಷ್ಟಿದ್ರೂ ಸಾಲಲ್ಲ, ಅದು ಬೇರೆ ಮಾತು.

ಎಲ್ಲಾರೂ ಮರೆಯೋದು ಒಂದಿದೆ, ಸದ್ದಿಲ್ಲದ ಜಾಗ. ಗಿಟಾರಿನ ಫ್ರೆಟ್ ಲೆಕ್ಕದ ಕೆಲಸ, ತಂತಿ ಉದ್ದ 650 ಮಿಲಿಮೀಟರ್ ಇದ್ರೆ 17.817ರಿಂದ ಭಾಗಿಸಿದ್ರೆ ಮೊದಲ ಫ್ರೆಟ್ ಎಲ್ಲಿ ಅಂತ ಗೊತ್ತಾಯ್ತು, ಮಿಕ್ಕ ಉದ್ದಾನ ಮತ್ತೆ ಭಾಗಿಸ್ತಾ ಹೋಗೋದು, ಹನ್ನೆರಡನೇದು ಸರಿಯಾಗಿ ಅರ್ಧಕ್ಕೆ 325ಕ್ಕೆ ಬರುತ್ತೆ, ಟ್ರಾಫಿಕ್ ಮಧ್ಯೆ ಕೂತೂ ಮಾಡ್ಬಹುದು. ವೀಣೆ ಹಾಗಲ್ಲ. ಜೇನುಮೇಣಕ್ಕೆ ಮಸಿ ಕಲಸಿ ದಂಡಿ ಮೇಲೆ ಎರಡೂ ಕಡೆ ಕಟ್ಟೆ ಕಟ್ಟಿ, 24 ಮೆಟ್ಟಿಲನ್ನೂ (ವೀಣೆಯ ಫ್ರೆಟ್ಟು) ಒಂದೊಂದಾಗಿ ಮೀಟಿ ಕೇಳಿ ಕೂರಿಸ್ಬೇಕು, ಕೂದಲೆಳೆ ಆಚೀಚೆ ಆದ್ರೂ ಅಪಸ್ವರ. ಮೇಣ ಸೆಕೆಗೆ ಮೆತ್ತಗಾಗೋದ್ರಿಂದ ಈ ಮೇಳ ಕಟ್ಟೋದು ಒಂದು ಸಲಕ್ಕೆ ಮುಗಿಯಲ್ಲ, ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡಿಸ್ಲೇಬೇಕು. ಅಂದ್ರೆ ಹೊಸ ವೀಣೆ ಮಾರಾಟ ಆಗ್ಲಿ ಬಿಡ್ಲಿ, ಮೇಳ ಕಟ್ಟೋಕೆ ಬರೋನಿಗೆ ಕೆಲಸ ಇದ್ದೇ ಇರುತ್ತೆ. ಕಲಿಯೋರಿಗೆ ಇದನ್ನ ಯಾರೂ ಹೇಳಲ್ಲ. ನನ್ನ ಹತ್ರ ಬರೋರಲ್ಲಿ ಎಷ್ಟೋ ಜನ ಇದೊಂದಕ್ಕೇ ವೀಣೆನ ಬಸ್ಸಲ್ಲಿ ಮಡಿಲ ಮೇಲಿಟ್ಕೊಂಡು ದೂರದ ಊರಿಂದ ಬರ್ತಾರೆ.

ಈಗ ಸರ್ಕಾರದ ವಿಷಯ. ಕೈಕಸುಬಿನೋರಿಗೆ ಅಂತ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಲ್ಲಿ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೇಲಿ 18 ಕಸುಬು ಇವೆ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ದೋಣಿ ಮಾಡೋರು, ಗೊಂಬೆ ಮಾಡೋರು, ಮೀನಿನ ಬಲೆ ಹೆಣೆಯೋರು ಎಲ್ಲಾ ಇದಾರೆ, ಇರ್ಲಿ, ಸಂತೋಷ. ವಾದ್ಯ ಮಾಡೋರು ಮಾತ್ರ ಪಟ್ಟಿಲಿಲ್ಲ. ಟೂಲ್‌ಕಿಟ್‌ಗೆ 15,000 ರೂಪಾಯಿವರೆಗೆ, ಮೊದಲು 1 ಲಕ್ಷ ಆಮೇಲೆ 2 ಲಕ್ಷ ಸಾಲ, ಅದೂ ಶೇ 5ರ ಬಡ್ಡಿಗೆ. ನಾನು ಹೇಳಿದ ರೂಮು ರೆಡಿ ಮಾಡೋಕೆ ಅಷ್ಟು ಯಥೇಚ್ಛ. ಆದ್ರೆ ವೀಣೆ ಮಾಡೋನು ಬಡಗಿ ಅಂತ ಬರೆಸ್ಕೊಂಡು ನುಸುಳ್ಬೇಕು, ಅಷ್ಟೇ. ತಂಜಾವೂರು ವೀಣೆಗೆ 2013ರಲ್ಲೇ ಜಿಐ ಟ್ಯಾಗ್ (ಇಂಥ ಊರಿನದೇ ವಸ್ತು ಅನ್ನೋ ಅಧಿಕೃತ ಗುರುತು) ಸಿಕ್ಕಿದೆ, ನಮ್ಮ ಧಾರವಾಡ ಹುಬ್ಬಳ್ಳಿ ಹಾಡುಗಾರರಿಗೆ ಹತ್ತಿರದ, ಮಹಾರಾಷ್ಟ್ರದ ಮಿರಜಿನ ಸಿತಾರು ತಂಬೂರಿಗೆ 2024ರಲ್ಲಿ ಬಂತು. ಹೆಸರಾಂತ ವೈಣಿಕ ವೀಣೆ ಶೇಷಣ್ಣನವರ ಊರಾದ ಮೈಸೂರಲ್ಲಿ ಕೂತು ಇದನ್ನ ಓದೋವಾಗ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೂ ನನ್ನ ಪ್ರಕಾರ ಟ್ಯಾಗ್‌ಗಿಂತ ಮೊದಲು ಆ ಪಟ್ಟಿಗೆ ಹತ್ತೊಂಬತ್ತನೇದಾಗಿ ವಾದ್ಯ ತಯಾರಿಕೆ ಸೇರ್ಬೇಕು, ನಮ್ಮ ಸಂಸದರು ಯಾರಾದ್ರೂ ಕೇಳ್ಬೇಕು.

ಇನ್ನೊಂದು, ಇದಕ್ಕೆ ದಿಲ್ಲಿವರೆಗೆ ಹೋಗೋದೂ ಬೇಡ. ಸಂಗೀತ ಕಾಲೇಜುಗಳಲ್ಲಿ ಮುರಿದ ಕುರ್ಚಿ ತುಂಬಿರೋ ಒಂದು ರೂಮಾದ್ರೂ ಇದ್ದೇ ಇರುತ್ತೆ. ಅದನ್ನ ಖಾಲಿ ಮಾಡಿಸಿ ಬೆಂಚು ಹಾಕಿ, ವಾರಕ್ಕೆರಡು ದಿನ ಮೇಳ ಕಟ್ಟೋರನ್ನ ಕರೆಸಿ, ಬರೋ ರಿಪೇರಿ ದುಡ್ಡು ಅವರೇ ಇಟ್ಕೊಳ್ಲಿ, ಬದಲಿಗೆ ಇಬ್ಬರು ಹುಡುಗ್ರಿಗೆ ಕಲಿಸ್ಲಿ. ಯಾವುದಾದ್ರೂ ಪ್ರಿನ್ಸಿಪಾಲರು ರೂಮು ಕೊಡ್ತೀನಿ ಅಂದ್ರೆ ನಿಮ್ಮ ಪತ್ರಿಕೆ ಮೂಲಕ ತಿಳಿಸ್ಲಿ, ಬೆಂಚು ನಾನು ಮಾಡ್ಕೊಡ್ತೀನಿ, ಕೂಲಿ ಬೇಡ, ಮರದ ಖರ್ಚು ಕೊಟ್ರೆ ಸಾಕು.

ಇತಿ,
ನಿವೃತ್ತ ಐಟಿಐ ಬೋಧಕ, ಮೈಸೂರು