ಮಂಜಿನ ಮೇಲೆ ಮಂಜು ಬಿದ್ದ ಕಥೆ, ಒಂದಿಷ್ಟು ಥ್ಯಾಂಕ್ಸ್

ಮೊನ್ನೆ ಭಾನುವಾರ ಇಲ್ಲಿ ಸ್ವಿಟ್ಜರ್‌ಲೆಂಡಿನ ಬೆಟ್ಟದ ಮೇಲಿರೋ ಕ್ಲೈನೆ ಶೈಡೆಕ್‌ನಿಂದ ಕೆಳಗಿನ ವೆಂಗೆನ್ ಊರಿನವರೆಗೆ ನಡೆದೇ ಇಳಿದೆ. ಕೈಯಲ್ಲಿ ಊರುಗೋಲಿಲ್ಲ, ಪಕ್ಕದಲ್ಲಿ ಹೆಗಲು ಕೊಡುವವರೂ ಇಲ್ಲ. ಎಲ್ಲರೂ ಎರಡೂವರೆ ಗಂಟೆಯಲ್ಲಿ ಇಳಿಯುವ ದಾರಿಗೆ ನನಗೆ ನಾಲ್ಕು ಗಂಟೆ ಬೇಕಾಯಿತು. ಆಗಲಿ ಬಿಡಿ. ಜನವರಿಯಲ್ಲಿ ಕಾಲು ಮುರಿದಿದ್ದಾಗ ಬಾತ್‌ರೂಮಿಗೆ ಹೋಗಿ ಬರೋದಕ್ಕೇ ಹದಿನೈದು ನಿಮಿಷ ಹಿಡಿಯುತ್ತಿತ್ತು.

ಕಾಲು ಮುರಿದದ್ದು ಹೇಗೆ ಅಂತ ಕೇಳಿದವರಿಗೆಲ್ಲ ಬೇಸರ ಆಗುತ್ತೆ. ಸ್ವಿಟ್ಜರ್‌ಲೆಂಡ್, ಆಲ್ಪ್ಸ್, ಜನವರಿ ಅಂದ ಕೂಡಲೇ ಸ್ಕೀಯಿಂಗ್ ಅಂದುಕೊಳ್ತಾರೆ. ನಾನು ಬಿದ್ದದ್ದು ಕೆಲಸ ಮಾಡೋ ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ, ಈರುಳ್ಳಿ ಮೂಟೆ ಹೊತ್ತುಕೊಂಡು. ಮಂಜು ಗಟ್ಟಿಯಾಗಿತ್ತು, ಅದು ಕರಗಲಿ ಅಂತ ಅವತ್ತು ಯಾರೂ ಉಪ್ಪು ಹಾಕಿರಲಿಲ್ಲ. ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಮನೆಯಲ್ಲಿ ನನ್ನನ್ನು ಕರೆಯೋದೇ ಮಂಜು ಅಂತ. 'ಮಂಜಿನ ಮೇಲೆ ಮಂಜು ಬಿದ್ದನಂತೆ' ಅಂತ ಊರಲ್ಲೆಲ್ಲ ನಗಾಡಿದರಂತೆ.

ಅದು ಲೌಬರ್‌ಹಾರ್ನ್ ರೇಸಿನ ವಾರ. ಪ್ರತಿ ಜನವರಿ ವೆಂಗೆನ್‌ನಲ್ಲಿ ನಡೆಯೋ ಸ್ಕೀ ರೇಸ್. ಆರು ವರ್ಷ ಇದೇ ಕಣಿವೆಯಲ್ಲಿದ್ದರೂ ಒಮ್ಮೆಯೂ ನೋಡಿರಲಿಲ್ಲ. ಆ ವಾರ ಅಡುಗೆಮನೆಯಲ್ಲಿ ತಲೆ ಎತ್ತೋಕೂ ಪುರುಸೊತ್ತು ಇರಲ್ಲ. ಈ ಸಲ ಆಸ್ಪತ್ರೆಯ ಟೀವಿಯಲ್ಲಿ ಪೂರ್ತಿ ನೋಡಿದೆ. ತೋರಿಸಿದವರು ಪಕ್ಕದ ಹಾಸಿಗೆಯ ತಾತ. ವೆಂಗೆನ್‌ನವರೇ, ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ನನ್ನ ಹರಕು ಜರ್ಮನ್, ಅವರ ಮುರುಕು ಇಂಗ್ಲಿಷ್. ಆದರೂ ಮಾತು ನಡೆಯಿತು.

ತಾತ ಹೇಳಿದ್ದು ಅಷ್ಟಿಷ್ಟಲ್ಲ. ಅವರ ಊರಿನ ಎರ್ನ್ಸ್ಟ್ ಗೆರ್ಚ್ 1930ರಲ್ಲಿ ಶುರು ಮಾಡಿದ ರೇಸ್ ಇದು. ದಾರಿ ಸುಮಾರು ನಾಲ್ಕೂವರೆ ಕಿಲೋಮೀಟರ್, ಸ್ಕೀ ವಿಶ್ವಕಪ್‌ನ ಡೌನ್‌ಹಿಲ್, ಅಂದರೆ ಬೆಟ್ಟದಿಂದ ನೇರ ಕೆಳಗೆ ನುಗ್ಗೋ ರೇಸ್‌ಗಳಲ್ಲೇ ಉದ್ದವಾದದ್ದು. ಸಾವಿರ ಮೀಟರ್‌ಗೂ ಜಾಸ್ತಿ ಎತ್ತರವನ್ನು ಎರಡೂವರೆ ನಿಮಿಷದಲ್ಲಿ ಇಳಿದು ಮುಗಿಸ್ತಾರೆ. 2013ರಲ್ಲಿ ಫ್ರಾನ್ಸ್‌ನ ಯೋಹಾನ್ ಕ್ಲಾರೇ ಇಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗದಲ್ಲಿ ಹೋಗಿದ್ದ. ಇದೆಲ್ಲ ಸರಿ. ನನ್ನ ತಲೆಯಲ್ಲಿ ಕೂತಿದ್ದು ಬೇರೆಯದೇ.

ಟೀವಿಯಲ್ಲಿ ಒಂದೊಂದು ತಿರುವು ಬಂದಾಗಲೂ ತಾತ ಅದರ ಹೆಸರು ಹೇಳೋರು. ನಾಯಿತಲೆ ಅನ್ನೋ ಬಂಡೆ, ಹುಂಡ್‌ಶಾಫ್, ಅದರ ಸಂದಿಯಿಂದ ಹಾರಿದರೆ ಆಚೆ ನೆಲವೇ ಕಾಣಲ್ಲ. ಅದಾದ ಮೇಲೆ ಮಿನ್ಶ್ ಅಂಚು. ಮಿನ್ಶ್ ಅಂದರೆ ಯಾರು, ಗೆದ್ದವನಾ ಅಂತ ಕೇಳಿದೆ. ಅಲ್ಲ, ಬಿದ್ದವನು! ಯೋಸ್ ಮಿನ್ಶ್ 1965ರಲ್ಲಿ ಅಲ್ಲಿ ಬಿದ್ದು ಆಸ್ಪತ್ರೆ ಸೇರಿದ್ದ. ಕೆನಡಿಯನ್ ಕಾರ್ನರ್ ಹೆಸರೂ ಹಾಗೇ ಬಂದದ್ದು, 1976ರಲ್ಲಿ ಕೆನಡಾದ ಹುಡುಗರು ಅಲ್ಲಿ ಉರುಳಿದರು. ಕೆಳಗಡೆ ಆಸ್ಟ್ರಿಯನ್ನರ ಗುಂಡಿ ಅಂತಲೇ ಒಂದಿದೆ. 1954ರಲ್ಲಿ ಟೋನಿ ಸೈಲರ್‌ನಂಥವನೂ ಸೇರಿ ಆಸ್ಟ್ರಿಯಾದವರು ಒಬ್ಬರ ಹಿಂದೊಬ್ಬರು ಅಲ್ಲಿ ಬಿದ್ದರಂತೆ. ಅದೇ ಸೈಲರ್ ಮರುವರ್ಷದಿಂದ ಸತತ ನಾಲ್ಕು ಸಲ ಗೆದ್ದ. ಸಣ್ಣ ಸೇತುವೆ ಹತ್ತಿರದ ಇಕ್ಕಟ್ಟಾದ ತಿರುವಿಗೆ ಬ್ರೂನೋ ಕೆರ್ನೆನ್ ಹೆಸರಿದೆ, 1997ರಲ್ಲಿ ಬಿದ್ದ, 2003ರಲ್ಲಿ ಗೆದ್ದ.

ವೆಂಗೆನ್‌ನ ಕಾರ್ಲ್ ಮೊಲಿಟರ್ ಆರು ಸಲ ಗೆದ್ದಿದ್ದಾನೆ. ಅವನ ಹೆಸರಿನ ತಿರುವು ಎಲ್ಲಿ ಅಂತ ಕೇಳಿದೆ. ತಾತ ಜೋರಾಗಿ ನಕ್ಕು, ಸೊಂಟ ಹಿಡಿದುಕೊಂಡು ನರ್ಸನ್ನು ಕರೆದರು.

ಕೊನೆಯ ತಿರುವು ಬಂದಾಗ ಮಾತ್ರ ಸುಮ್ಮನಾದರು. 1991ರಲ್ಲಿ ಅಲ್ಲಿ ಗೆರ್ನಾಟ್ ರೈನ್‌ಸ್ಟಾಡ್ಲರ್ ಅನ್ನೋ ಇಪ್ಪತ್ತು ವರ್ಷದ ಹುಡುಗ ದಾರಿ ಪಕ್ಕದ ರಕ್ಷಣಾ ಬಲೆಗೆ ಬಡಿದು ತೀರಿಕೊಂಡ. ಆ ವರ್ಷ ರೇಸೇ ನಡೆಯಲಿಲ್ಲ.

ತಾತನಿಗೆ ಮೊದಲ ಥ್ಯಾಂಕ್ಸ್. ಆ ಹದಿನೆಂಟು ದಿನ ಅವರಿಲ್ಲದಿದ್ದರೆ ನಾನು ಗೋಡೆ ನೋಡಿಕೊಂಡೇ ಇರುತ್ತಿದ್ದೆ. ಫಿಸಿಯೋ ಮೇಡಂಗೆ ಥ್ಯಾಂಕ್ಸ್, ಜೊತೆಗೆ ಕ್ಷಮೆಯನ್ನೂ ಕೇಳ್ತೀನಿ. ನೋವಲ್ಲಿ ಕನ್ನಡದಲ್ಲಿ ಏನೇನೋ ಅಂದಿದ್ದೀನಿ, ಅರ್ಥ ಆಗಿಲ್ಲ ಅಂದುಕೊಂಡಿದ್ದೀನಿ. ಬರ್ನ್‌ನಿಂದ ಎರಡು ರೈಲು ಬದಲಿಸಿ ಡಬ್ಬಿಯಲ್ಲಿ ಹುರುಳಿಕಾಳು ಸಾರು ತಂದುಕೊಟ್ಟ ಅಕ್ಕ, ಭಾವ, ನಿಮ್ಮ ಡಬ್ಬಿ ಇನ್ನೂ ನನ್ನ ಹತ್ತಿರಾನೇ ಇದೆ. ಅಮ್ಮ ದಿನಾ ವಿಡಿಯೋ ಕಾಲಲ್ಲಿ 'ಊರಿಗೆ ಬಂದ್ಬಿಡು ಮಗಾ' ಅಂತ ಅತ್ತು, ಮರುಕ್ಷಣ 'ಊಟ ಆಯ್ತಾ' ಅನ್ನೋಳು. ಧರ್ಮಸ್ಥಳದ ಹರಕೆ ಬಾಕಿ ಇದೆಯಮ್ಮ, ಡಿಸೆಂಬರಲ್ಲಿ ಬರ್ತೀನಿ.

ಭಾನುವಾರ ಇಳಿಯುವಾಗ ದಾರಿ ಬಿಟ್ಟು ಸ್ವಲ್ಪ ಆಚೆ ಹೋಗಿ, ರೇಸಿನವರು ನುಗ್ಗೋ ರೈಲು ಸೇತುವೆ ಕೆಳಗೆ ನಿಂತೆ. ಮೇಲೆ ಹಸಿರು ಹಳದಿ ರೈಲು ಗಡಗಡ ಅಂತ ಹೋಯಿತು. ಸೆಪ್ಟೆಂಬರಲ್ಲಿ ಅಲ್ಲಿ ಬರೀ ಹುಲ್ಲು, ದನ, ಗಂಟೆ ಸದ್ದು. ಸಗಣಿ ತುಳಿಯದೆ ನಡೆಯೋದೇ ಸರ್ಕಸ್ಸು. ನಮ್ಮೂರ ಗೋಮಾಳಕ್ಕೂ ಇದಕ್ಕೂ ಇಳಿಜಾರೊಂದೇ ವ್ಯತ್ಯಾಸ ಅನ್ನಿಸಿತು.

ಕೊನೆಗೆ ಅಡುಗೆಮನೆಯ ಹುಡುಗರು. ನನ್ನ ಪಾಳಿಯನ್ನೆಲ್ಲ ಹಂಚಿಕೊಂಡು ಮಾಡಿದಿರಿ, ಆ ಋಣ ತೀರಿಸೋಕೆ ಆಗಲ್ಲ. ತಾತನ ಕಥೆ ನಿಮಗೆ ಹೇಳಿದ್ದೇ ತಪ್ಪಾಯಿತು. ಕೆಲಸಕ್ಕೆ ವಾಪಸ್ ಬಂದ ದಿನ ನೋಡಿದರೆ, ಹಿಂಬಾಗಿಲ ಮೂರನೇ ಮೆಟ್ಟಿಲ ಪಕ್ಕ ಗೋಡೆಗೆ ರಟ್ಟು ಅಂಟಿಸಿದ್ದೀರಿ. ಮೇಲೆ ಕಪ್ಪು ಮಾರ್ಕರಲ್ಲಿ 'ಮಂಜು ಕಾರ್ನರ್', ಕೆಳಗೆ ಒಂದು ಈರುಳ್ಳಿ ಚಿತ್ರ. ಮಳೆಗೆ ಒಂದು ಮೂಲೆ ಕಿತ್ತುಬಂದಿತ್ತು. ನಿನ್ನೆ ಟೇಪ್ ಹಾಕಿ ಅಂಟಿಸಿದ್ದೀನಿ.