ಖಡಕ್‌ವಾಸ್ಲಾದಲ್ಲಿರೋ ಮಗಳಿಗೆ

ಪ್ರೀತಿಯ ಪುಟ್ಟಿ,

ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಿಂದ ನೀನು ಬರೆದ ಪತ್ರ ಓದಿ ನಿಮ್ಮಪ್ಪ ಜೋರಾಗಿ ನಕ್ಕರು. ಅನ್ನ-ಸಾರನ್ನೂ ಚಮಚ, ಫೋರ್ಕ್ ಹಿಡಿದೇ ತಿನ್ನಬೇಕು, ಕ್ಲಾಸಿಗೆ ಹೋಗೋದಕ್ಕೂ ಸಾಲುಗಟ್ಟಿ ಸೈಕಲ್ ತುಳಿಯಬೇಕು, ಸೀನಿಯರ್ ಎದುರಾದರೆ ವಿಶ್ ಮಾಡಲೇಬೇಕು. "ಇದಕ್ಕೂ ಯುದ್ಧಕ್ಕೂ ಏನಮ್ಮಾ ಸಂಬಂಧ?" ಅಂತ ಕೇಳಿದ್ದೀಯ. ಫೋರ್ಕಿಗೂ ಯುದ್ಧಕ್ಕೂ ಇರೋ ಸಂಬಂಧ ನನಗೂ ಹೊಳೆಯಲಿಲ್ಲ ಬಿಡು. ಅದು ಬ್ರಿಟಿಷರ ಕಾಲದ ಮೆಸ್ ಮರ್ಯಾದೆ. ಕಲಿತುಕೋ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ.

ಆದರೆ ಅಲ್ಲಿರೋ ಎಲ್ಲ ಪದ್ಧತಿಯೂ ಅಂಥದ್ದಲ್ಲ. ದಿನಾ ಕಣ್ಣಿಗೆ ಬೀಳೋ ಮುಖ್ಯ ಕಟ್ಟಡ, ಸುಡಾನ್ ಬ್ಲಾಕಿನ ಹೆಸರನ್ನೇ ತಗೋ. ಎರಡನೇ ಮಹಾಯುದ್ಧದಲ್ಲಿ ನಮ್ಮ ಸೈನಿಕರು ಸುಡಾನ್ ಉಳಿಸೋಕೆ ಹೋರಾಡಿ ಸತ್ತರು. ಅವರ ನೆನಪಿಗೆ ಅಂತ 1941ರಲ್ಲಿ ಅಲ್ಲಿನ ಸರ್ಕಾರ 1 ಲಕ್ಷ ಪೌಂಡ್ ಕೊಟ್ಟಿತು. ದೇಶ ಭಾಗವಾದಾಗ ಆ ದುಡ್ಡೂ ಭಾಗವಾಯಿತು. ನಮಗೆ 70 ಸಾವಿರ, ಪಾಕಿಸ್ತಾನಕ್ಕೆ 30 ಸಾವಿರ. ನಮ್ಮ ಪಾಲು ನಿನ್ನ ಅಕಾಡೆಮಿ ಕಟ್ಟೋಕೆ ಹೋಯಿತು. ಯಾರದೋ ಮನೆ ಮಕ್ಕಳು ಪರದೇಶದಲ್ಲಿ ಸತ್ತಿದ್ದಕ್ಕೆ ಬಂದ ದುಡ್ಡು ಅದು, ಅಲ್ವಾ?

ಹಟ್ ಆಫ್ ರಿಮೆಂಬ್ರೆನ್ಸ್ ಮುಂದೆ ಹಾದುಹೋಗುವಾಗ ಸೆಲ್ಯೂಟ್ ಮಾಡ್ತೀಯಲ್ಲ, ಅದನ್ನು ಕಟ್ಟಿದ್ದು ಹಿಂದಿನ ಕೆಡೆಟ್‌ಗಳೇ. ಅಲ್ಲೇ ಓದಿ, ಆಮೇಲೆ ಪ್ರಾಣ ಕೊಟ್ಟವರ ಹೆಸರುಗಳು ಒಳಗಿವೆ. ನೀನು ಡ್ರಿಲ್ ಮಾಡಿ ಬೆವರಿಳಿಸೋ ಮೈದಾನಕ್ಕೆ ಅರುಣ್ ಖೇತರ್‌ಪಾಲ್ ಹೆಸರು ಯಾಕಿದೆ ಗೊತ್ತಾ? ಆತನೂ ಅಲ್ಲಿಯ ಕೆಡೆಟ್. 1971ರ ಡಿಸೆಂಬರ್ 16, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಬಸಂತರ್ ಕದನ. ಟ್ಯಾಂಕಿಗೆ ಬೆಂಕಿ ಬಿದ್ದಿದೆ, ಇಳಿದು ಬಾ ಅಂತ ರೇಡಿಯೋದಲ್ಲಿ ಆರ್ಡರ್ ಬಂತು. ಗನ್ ಇನ್ನೂ ಕೆಲಸ ಮಾಡ್ತಿದೆ, ಇಳಿಯಲ್ಲ ಅಂದ. ಟ್ಯಾಂಕಿನಲ್ಲೇ ಸತ್ತ. ವಯಸ್ಸು 21. ನಿನಗಿಂತ ಎಷ್ಟು ದೊಡ್ಡವನು, ಲೆಕ್ಕ ಹಾಕು. ನನಗಂತೂ ಹಾಕೋಕೆ ಧೈರ್ಯವಿಲ್ಲ.

ಇನ್ನೊಂದು ಮಾತು. ಸಂಪ್ರದಾಯ ಅನ್ನೋ ಹೆಸರಲ್ಲಿ ಯಾರಾದರೂ ಹೊಡೆದರೆ, ಅವಮಾನ ಮಾಡಿದರೆ, ಅದು ಸಂಪ್ರದಾಯ ಅಲ್ಲ. ಎಲ್ಲ ಹಾಸ್ಟೆಲುಗಳಲ್ಲೂ ಅಂಥವರು ಇರ್ತಾರೆ. ನುಂಗಿಕೊಂಡು ಕೂರಬೇಡ, ಮೇಲಿನವರಿಗೆ ಹೇಳು. ಅಷ್ಟಕ್ಕೂ ಹುಡುಗಿಯರು ಅಲ್ಲಿಗೆ ಕಾಲಿಟ್ಟಿದ್ದೇ 2022ರಲ್ಲಿ. ಅದಕ್ಕೂ ಸುಪ್ರೀಂ ಕೋರ್ಟಿನ ಆದೇಶ ಬೇಕಾಯಿತು. ಮೊದಲ 17 ಜನ ಪಾಸಾಗಿ ಹೊರಬಂದಿದ್ದು 2025ರ ಮೇ ತಿಂಗಳಲ್ಲಿ. ಹುಡುಗಿಯರು ಅಲ್ಲಿ ಹೇಗಿರಬೇಕು ಅನ್ನೋದಕ್ಕೆ ಹಳೇ ಪದ್ಧತಿ ಎಲ್ಲಿಂದ ಬರಬೇಕು? ನೀವು ಮಾಡಿದ್ದೇ ಪದ್ಧತಿ.

ನಿಮ್ಮಪ್ಪನಿಗೆ ಬೇರೆಯದೇ ಚಿಂತೆ. ಮೂರು ವರ್ಷ ಮುಗಿದು ನೀನು ಪಾಸಾಗೋ ಪರೇಡಿನ ಕೊನೇ ಹೆಜ್ಜೆ 'ಅಂತಿಮ್ ಪಗ್' ದಾಟಿದ ದಿನವೇ ಹೆಗಲಿಗೆ ಅಧಿಕಾರಿಯ ಸ್ಟಾರ್ ಹಾಕಬಹುದು ಅಂದುಕೊಂಡಿದ್ದರು. ಇಲ್ಲ, ಆಮೇಲೆ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ಇನ್ನೂ ಒಂದು ವರ್ಷ ಇದೆ, ಅಪ್ಪ-ಅಮ್ಮ ಸ್ಟಾರ್ ಹಾಕೋದು ಅಲ್ಲಿ ಅಂತ ಹೇಳಿದೆ. ಸ್ವಲ್ಪ ಸಪ್ಪಗಾದರು. ಆದರೂ ಬಲ ಹೆಗಲು ತಮ್ಮದೇ ಅಂತ ಈಗಲೇ ಬುಕ್ ಮಾಡಿಟ್ಟಿದ್ದಾರೆ. ನೀನೇ ತೀರ್ಮಾನ ಮಾಡಿ ಬರಿ.

ಕಾಲಿನ ಬೊಬ್ಬೆ ವಾಸಿಯಾಯ್ತಾ?

ನಿನ್ನ
ಅಮ್ಮ